ಸೇತುವೆ ಕೆಳಗಿನ ರಾಕ್ಷಸ, ಬೆಟ್ಟದ ಮೇಲಿನ ಮಹಿಷ

ಅಮ್ಮ ಮೊದಲ ಸಲ ನಾನಿರುವ ಅಮೆರಿಕದ ಸಿಯಾಟಲ್‌ಗೆ ಬಂದಾಗ ಸ್ಪೇಸ್ ನೀಡಲ್ ತೋರಿಸಿದೆ. ಪೈಕ್ ಪ್ಲೇಸ್ ಮಾರ್ಕೆಟ್ ತೋರಿಸಿದೆ. ಎಲ್ಲದಕ್ಕೂ "ಚೆನ್ನಾಗಿದೆ ಕಣೋ" ಅಂದು ಸುಮ್ಮನಾದಳು. ಮೂರನೇ ದಿನ ಫ್ರೀಮಾಂಟ್ ಅನ್ನುವ ಬಡಾವಣೆಗೆ ಕರೆದುಕೊಂಡು ಹೋದೆ. ಕಾರು ನಿಲ್ಲಿಸಿ ಅರೋರಾ ಸೇತುವೆಯ ಕೆಳಗೆ ನಾಲ್ಕು ಹೆಜ್ಜೆ ಹಾಕಿದ್ದೆವು. ಅಮ್ಮ ಅಲ್ಲೇ ನಿಂತುಬಿಟ್ಟಳು. ಸೆರಗು ಬಾಯಿಗೆ ಹಿಡಿದುಕೊಂಡಳು.

"ಇದೇನೋ ಇದು! ನಮ್ಮ ಮಹಿಷಾಸುರನ್ನ ತಂದು ಇಲ್ಲಿ ಸೊಂಟದ ತನಕ ಹೂತಿಟ್ಟಿದ್ದಾರಲ್ಲೋ!"

ಅಲ್ಲಿ ಇರುವುದು ಒಂದು ಟ್ರೋಲ್. ಈಗ ಮೊಬೈಲಿನಲ್ಲಿ ಕಾಲೆಳೆಯುವುದಕ್ಕೆ ನಾವು ಬಳಸುವ ಟ್ರೋಲ್ ಅಲ್ಲ. ನಾರ್ವೆ, ಸ್ವೀಡನ್ ಕಡೆಯ ಅಜ್ಜಿಕಥೆಗಳ ರಾಕ್ಷಸ. ಸೇತುವೆಯ ಕೆಳಗೆ ಅಡಗಿ ಕೂತು, ಮೇಲೆ ದಾಟುವ ಮೇಕೆಗಳನ್ನು ಹಿಡಿದು ತಿನ್ನುತ್ತೇನೆ ಅಂತ ಹೆದರಿಸುವವನು. ಫ್ರೀಮಾಂಟ್‌ನ ಪಕ್ಕದ ಬ್ಯಾಲರ್ಡ್‌ನಲ್ಲಿ ಹಿಂದೆ ಆ ದೇಶಗಳಿಂದ ಬಂದ ಮೀನುಗಾರರು, ಮರ ಕೊಯ್ಯುವವರು ತುಂಬಾ ಜನ ನೆಲೆಸಿದ್ದರು. ಹಾಗಾಗಿ ಈ ರಾಕ್ಷಸ ಇಲ್ಲಿಗೆ ಪೂರ್ತಿ ಹೊಸಬನಲ್ಲ.

18 ಅಡಿ ಎತ್ತರ. ಸೇತುವೆಯ ಅಡಿಯಿಂದ ತೆವಳಿಕೊಂಡು ಬರುತ್ತಿರುವ ಹಾಗೆ ಮೈ ಅರ್ಧ ಮಾತ್ರ ಮಣ್ಣಿನ ಮೇಲಿದೆ. ಒಂದು ಕಣ್ಣನ್ನು ಕೂದಲು ಮುಚ್ಚಿದೆ. ಇನ್ನೊಂದು ಕಣ್ಣು ಕಾರಿನ ಚಕ್ರದ ಮುಚ್ಚಳ, ಬಿಸಿಲು ಬಿದ್ದರೆ ಫಳಫಳ ಹೊಳೆಯುತ್ತದೆ. ಎಡಗೈ ಕೆಳಗೆ ಒಂದು ನಿಜವಾದ ಫೋಕ್ಸ್‌ವ್ಯಾಗನ್ ಬೀಟಲ್ ಕಾರು ಸಿಕ್ಕಿಕೊಂಡಿದೆ. ಮೇಲಿನ ರಸ್ತೆಯಲ್ಲಿ ಹೋಗುತ್ತಿದ್ದದ್ದನ್ನು ಕೈ ಚಾಚಿ ಎಳೆದುಕೊಂಡ ಹಾಗೆ. ತಲೆಯ ಮೇಲೆ ಸೇತುವೆ ಸದಾ ಗುಂಯ್‌ಗುಡುತ್ತಿರುತ್ತದೆ. ಲಾರಿ ಹೋದರೆ ಒಂದು ಕ್ಷಣ ರಾಕ್ಷಸನೇ ಉಸಿರು ಬಿಟ್ಟ ಹಾಗೆ ಕೇಳಿಸುತ್ತದೆ.

ಅಮ್ಮ ಹತ್ತಿರ ಹೋಗಿ ಆ ಬೆರಳನ್ನು ಮುಟ್ಟಿದಳು. ಸಿಮೆಂಟಿನ ಬೆರಳು. ಅದರ ಗೆಣ್ಣು ಮಾತ್ರ ನಮ್ಮ ಮನೆಯ ಹಳೇ ರುಬ್ಬುಗುಂಡಿನ ಹಾಗೆ ನುಣ್ಣಗೆ ಸವೆದಿದೆ. ಮೂವತ್ತು ವರ್ಷದಿಂದ ಮಕ್ಕಳು ಆ ಗೆಣ್ಣಿನ ಮೇಲೆ ಕಾಲಿಟ್ಟು ಹತ್ತಿದ್ದಾರೆ. ನನ್ನ ಮಗಳೂ ಆಗಲೇ ಹತ್ತಿ, ಅವನ ಮಣಿಕಟ್ಟಿನ ಮೇಲೆ ಕೂತು ಅಜ್ಜಿಯನ್ನು ಕೂಗುತ್ತಿದ್ದಳು. "ಯಾರೂ ಬೈಯಲ್ವೇನೋ?" ಅಂತ ಅಮ್ಮ ಕೇಳಿದಳು. ಬೈಯಲ್ಲ. ಕಾವಲುಗಾರ ಇಲ್ಲ, ಕಬ್ಬಿಣದ ಕಟಾಂಜನ ಇಲ್ಲ, ಟಿಕೆಟ್ ಇಲ್ಲ.

ಅಮ್ಮನ ಆ ಪ್ರಶ್ನೆ ನನ್ನ ತಲೆಯಲ್ಲಿ ಇನ್ನೂ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ರಾಕ್ಷಸ ಯಾಕೆ ಬಂದ ಅನ್ನುವುದನ್ನು ಹೇಳಲೇಬೇಕು. ಅರೋರಾ ಸೇತುವೆ 1932ರ ಫೆಬ್ರವರಿ 22ರಂದು ಓಡಾಟಕ್ಕೆ ತೆರೆಯಿತು. ಅದು ಜಾರ್ಜ್ ವಾಷಿಂಗ್ಟನ್ ಹುಟ್ಟಿ ಇನ್ನೂರು ವರ್ಷ ತುಂಬಿದ ದಿನ. ಸೇತುವೆಯ ಅಧಿಕೃತ ಹೆಸರಲ್ಲೂ ವಾಷಿಂಗ್ಟನ್ ಇದ್ದಾರೆ, ಆದರೆ ಜನ ಕರೆಯುವುದು ಅರೋರಾ ಅಂತಲೇ. ಎತ್ತರದ ಸೇತುವೆ ಅಂದಮೇಲೆ ಅದರ ಕೆಳಗೆ ಒಂದು ಕತ್ತಲ ಜಾಗ ಇರುತ್ತದೆ. ನಮ್ಮ ಬೆಂಗಳೂರಿನ ಫ್ಲೈಓವರ್‌ಗಳ ಕೆಳಗೆ ಇರುವ ಹಾಗೆಯೇ. 1980ರ ದಶಕದ ಕೊನೆಗೆ ಅಲ್ಲಿ ಕಸ ತುಂಬಿತ್ತು. ಮಾದಕ ವಸ್ತು ಮಾರುವವರು ಸೇರುತ್ತಿದ್ದರು. ಸಂಜೆಯಾದ ಮೇಲೆ ಆ ಕಡೆ ಯಾರೂ ಹೋಗುತ್ತಿರಲಿಲ್ಲ.

ಬಡಾವಣೆಯವರ ಒಂದು ಕಲಾ ಸಂಘ ಇದೆ, ಫ್ರೀಮಾಂಟ್ ಆರ್ಟ್ಸ್ ಕೌನ್ಸಿಲ್. ಅವರು 1989ರಲ್ಲಿ ಒಂದು ಸ್ಪರ್ಧೆ ಇಟ್ಟರು. ಈ ಜಾಗಕ್ಕೆ ಏನು ಮಾಡಬಹುದು ಅಂತ ಕಲಾವಿದರನ್ನು ಕೇಳಿದರು. ಬಂದ ಮಾದರಿಗಳನ್ನು ಬಡಾವಣೆಯ ಜಾತ್ರೆಯಲ್ಲಿ ಇಟ್ಟು ಜನರ ಮುಂದೆಯೇ ಮತಕ್ಕೆ ಹಾಕಿದರು. ಗೆದ್ದದ್ದು ರಾಕ್ಷಸ! ನಗರಸಭೆಯಲ್ಲಿ ಬಡಾವಣೆಗಳ ಕೆಲಸಕ್ಕೆಂದೇ ಒಂದು ನಿಧಿ ಇತ್ತು. ನೀವು ಎಷ್ಟು ದುಡ್ಡು, ಎಷ್ಟು ದುಡಿಮೆ ಹಾಕುತ್ತೀರೋ ಅದಕ್ಕೆ ಸಮನಾಗಿ ನಾವು ಕೊಡುತ್ತೇವೆ ಅನ್ನುವ ಲೆಕ್ಕದ್ದು. ಆ ದುಡ್ಡು ಸೇರಿತು. ಸ್ಟೀವ್ ಬೇಡನ್ಸ್, ವಿಲ್ ಮಾರ್ಟಿನ್, ಡೋನಾ ವಾಲ್ಟರ್, ರಾಸ್ ವೈಟ್‌ಹೆಡ್ ಅನ್ನುವ ನಾಲ್ವರು ಕಂಬಿ ಕಟ್ಟಿ, ತಂತಿ ಸುತ್ತಿ, ಸಿಮೆಂಟ್ ಬಳಿದು 1990ರಲ್ಲಿ ಅವನನ್ನು ಎಬ್ಬಿಸಿದರು. ನಮ್ಮ ಕಡೆ ಗೋಪುರದ ಮೇಲೆ ಗಾರೆ ಗೊಂಬೆ ಮಾಡುವ ರೀತಿಯೇ ಅದು. ಒಳಗೆ ಅಸ್ಥಿಪಂಜರ, ಹೊರಗೆ ಗಾರೆ.

ಕಾರಿನ ಕಥೆ ಬೇರೆಯೇ ಇದೆ. ಅದಕ್ಕೆ ಕ್ಯಾಲಿಫೋರ್ನಿಯಾದ ನಂಬರ್ ಪ್ಲೇಟ್ ಹಾಕಿದ್ದರು. ಆಗ ಅಲ್ಲಿಂದ ಜನ ಬರುತ್ತಿದ್ದರು, ಮನೆ ಬಾಡಿಗೆ ಏರುತ್ತಿತ್ತು, ಹಳೇ ಕಟ್ಟಡಗಳು ಹೋಗುತ್ತಿದ್ದವು. ಊರಿನವರ ಆ ಸಿಟ್ಟು ರಾಕ್ಷಸನ ಕೈಗೆ ಬಂದಿತ್ತು ಅಂತ ಹೇಳುತ್ತಾರೆ. ಕಾರಿನೊಳಗೆ ಮುಂದಿನ ಕಾಲದವರಿಗೆಂದು ಒಂದಷ್ಟು ವಸ್ತು ಇಟ್ಟಿದ್ದರು. ಅದರಲ್ಲಿ ಗಾಯಕ ಎಲ್ವಿಸ್ ಪ್ರೀಸ್ಲಿಯ ಒಂದು ಪ್ಲಾಸ್ಟರ್ ಗೊಂಬೆಯೂ ಇತ್ತು. ಯಾರೋ ಕಾರು ಒಡೆದು ಕದ್ದರು. ಆಮೇಲೆ ಕಾರಿಗೂ ಸಿಮೆಂಟ್ ಬಳಿದುಬಿಟ್ಟರು.

ನಾನು ಬೆಂಗಳೂರಿನಲ್ಲಿ ಆರು ವರ್ಷ ಕೆಲಸ ಮಾಡಿದವನು. ಹೊರಗಿನಿಂದ ಬಂದವರ ಬಗ್ಗೆ ಊರಿನವರಿಗೆ ಆಗುವ ನೋವನ್ನು ಅಲ್ಲಿ ಕೇಳಿದ್ದೇನೆ, ನಾನೂ ಆಡಿದ್ದೇನೆ. ಇಲ್ಲಿಗೆ ಬಂದ ಮೇಲೆ ನಾನೇ ಆ ಹೊರಗಿನವನು. ನಮ್ಮಂಥ ಕಂಪ್ಯೂಟರ್ ಕೆಲಸದವರು ಬಂದೇ ಸಿಯಾಟಲ್‌ನ ಮನೆ ಬೆಲೆ ಇಷ್ಟು ಏರಿದ್ದು ಅನ್ನುವ ಮಾತು ಇಲ್ಲಿ ಪ್ರತಿದಿನ ಕಿವಿಗೆ ಬೀಳುತ್ತದೆ. ಹೊರಗಿನವರ ಕಾರನ್ನು ಹಿಸುಕುತ್ತಿರುವ ರಾಕ್ಷಸನ ಕೈ ಮೇಲೆ ನನ್ನ ಮಗಳು ಕೂತು, ಅಲ್ಲಿಂದ ಕನ್ನಡದಲ್ಲಿ ಕೂಗುತ್ತಾಳೆ. ಪಕ್ಕದಲ್ಲಿ ಊರಿನ ಹುಡುಗರು ಜಾಗ ಬಿಟ್ಟುಕೊಡುತ್ತಾರೆ. ಅದನ್ನು ನೋಡುವಾಗ ನನಗೆ ಆಗುವ ಸಮಾಧಾನ ಇಂಥದ್ದೇ ಅಂತ ಹೇಳಲು ಬರುವುದಿಲ್ಲ.

ಈಗ ನಮ್ಮ ಮಹಿಷನಿಗೆ ಬರುತ್ತೇನೆ.

ಚಾಮುಂಡಿ ಬೆಟ್ಟಕ್ಕೆ ಹೋದವರೆಲ್ಲ ಅವನನ್ನು ನೋಡಿದ್ದೀರಿ. ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ಹಾವು, ದೊಡ್ಡ ಕಣ್ಣು, ದಪ್ಪ ಮೀಸೆ, ಮೈತುಂಬಾ ಬಣ್ಣ. ದೇವಸ್ಥಾನದ ಒಳಗೆ ಅಲ್ಲ, ಹೊರಗೆ, ರಸ್ತೆಯಲ್ಲಿ ನಿಂತಿದ್ದಾನೆ. ನಾವು ಚಿಕ್ಕವರಿದ್ದಾಗ ಅಪ್ಪ ಮೆಟ್ಟಿಲು ಹತ್ತಿಸಿಕೊಂಡು ಹೋಗುತ್ತಿದ್ದರು. ಮಧ್ಯದಲ್ಲಿ ನಂದಿಯ ಹತ್ತಿರ ಒಂದು ಸಲ ಕೂರುವುದು. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ್ ಮಾಡಿಸಿದ ಆ ಕರೀ ನಂದಿಗೆ ಒಂದು ಸುತ್ತು ಹಾಕಿ, ಮತ್ತೆ ಹತ್ತುವುದು. ನನಗೆ ಮಾತ್ರ ನಂದಿಯೂ ಬೇಡ, ಪ್ರಸಾದವೂ ಬೇಡ. ಮೇಲೆ ಹೋಗಿ ಮಹಿಷಾಸುರನನ್ನು ನೋಡಬೇಕು. ಅವನ ಎದುರು ನಿಂತು ಅವನ ಹಾಗೆ ಒಂದು ಕೈ ಎತ್ತಿ ಫೋಟೋ ತೆಗೆಸಿಕೊಳ್ಳಬೇಕು. ಮೈಸೂರಿನ ಎಷ್ಟು ಮನೆಗಳ ಆಲ್ಬಮ್‌ನಲ್ಲಿ ಆ ಫೋಟೋ ಇಲ್ಲ ಹೇಳಿ?

ದೇವಿಯ ಹೆಸರು ಬೆಟ್ಟಕ್ಕೆ, ರಾಕ್ಷಸನ ಹೆಸರು ಊರಿಗೆ. ಮಹಿಷೂರು ಮೈಸೂರಾಯಿತು. ಸೋತವನ ಹೆಸರನ್ನು ಇಟ್ಟುಕೊಂಡು ಇಷ್ಟು ಹೆಮ್ಮೆಯಿಂದ ಬದುಕುವ ಊರು ಬೇರೆ ಎಲ್ಲಿದೆ? ಅವನು ರಾಕ್ಷಸ ಅಲ್ಲ, ಈ ನಾಡನ್ನು ಆಳಿದ ರಾಜ ಅನ್ನುವವರೂ ಇದ್ದಾರೆ. ಅವರು ಮಹಿಷ ದಸರಾ ಮಾಡುತ್ತಾರೆ, ಅದರ ಬಗ್ಗೆ ಜಗಳವೂ ಆಗಿದೆ. ಆ ಜಗಳದಲ್ಲೂ ಒಂದು ವಿಷಯ ನಾನು ಗಮನಿಸಿದ್ದೇನೆ. ಅವನನ್ನು ಅಲ್ಲಿಂದ ತೆಗೆದರೆ ಎರಡೂ ಕಡೆಯವರಿಗೆ ಬೆಟ್ಟ ಬೋಳು ಅನ್ನಿಸುತ್ತದೆ.

ನಮ್ಮಲ್ಲಿ ಇಂಥವು ಕಡಿಮೆ ಏನಿಲ್ಲ. ಕಟ್ಟುತ್ತಿರುವ ಮನೆಯ ಮುಂದೆ ದೃಷ್ಟಿಗೊಂಬೆ ನೇತುಹಾಕುತ್ತೇವೆ. ಬೂದುಗುಂಬಳಕಾಯಿಗೆ ಕೋರೆಹಲ್ಲು ಬರೆದು ಬಾಗಿಲಿಗೆ ಕಟ್ಟುತ್ತೇವೆ. ಹೊಲದಲ್ಲಿ ಬೆರ್ಚಪ್ಪ. ಗೋಡೆಯ ಮೂಲೆಯಲ್ಲಿ ಜನ ಗಲೀಜು ಮಾಡಬಾರದು ಅಂತ ದೇವರ ಚಿತ್ರದ ಟೈಲ್ಸ್ ಅಂಟಿಸುತ್ತೇವೆ. ಯೋಚಿಸಿ ನೋಡಿದರೆ ಫ್ರೀಮಾಂಟ್‌ನವರು ಮಾಡಿದ್ದೂ ಅದೇ ಕೆಲಸ. ಕೆಟ್ಟ ಜಾಗಕ್ಕೆ ಒಂದು ದೊಡ್ಡ ದೃಷ್ಟಿಗೊಂಬೆ ಇಟ್ಟರು. ಕೆಟ್ಟದ್ದು ಓಡಿಹೋಯಿತು, ಮಕ್ಕಳು ಬಂದರು. ಅಮ್ಮನಿಗೆ ಇದನ್ನು ಹೇಳಿದಾಗ "ಮತ್ತೆ! ಅದಕ್ಕೇ ಅಷ್ಟು ದೊಡ್ಡ ಕಣ್ಣು" ಅಂದಳು. ಅವಳಿಗೆ ಒಂದು ಕ್ಷಣದಲ್ಲಿ ಅರ್ಥವಾಯಿತು.

ವ್ಯತ್ಯಾಸ ಎಲ್ಲಿ ಬಂತು ಅಂದರೆ, ನಾವು ಪಟ್ಟಣಗಳಲ್ಲಿ ಪ್ರತಿಮೆ ಇಡಲು ಶುರು ಮಾಡಿದಾಗ. ಸರ್ಕಲ್ಲಿನಲ್ಲಿ ಒಬ್ಬ ದೊಡ್ಡವರು. ಸುತ್ತ ಕಬ್ಬಿಣದ ಬೇಲಿ, ಬೇಲಿಗೆ ಬೀಗ. ಜಯಂತಿ ದಿನ ಏಣಿ ಬರುತ್ತದೆ, ಹಾರ ಬೀಳುತ್ತದೆ, ಫೋಟೋ ಆಗುತ್ತದೆ. ಮಾರನೇ ದಿನದಿಂದ ಆ ಹಾರ ಅಲ್ಲೇ ಒಣಗಿ, ಕಪ್ಪಾಗಿ, ಮುಂದಿನ ಜಯಂತಿಯವರೆಗೆ ನೇತಾಡುತ್ತದೆ. ನನಗೆ ಇದು ನಿಜವಾಗಿಯೂ ಹೊಟ್ಟೆ ಉರಿಸುತ್ತದೆ. ಆ ದೊಡ್ಡವರ ಮೇಲೆ ಗೌರವ ಇಲ್ಲದೆ ಅಲ್ಲ, ಇರುವುದಕ್ಕೇ. ಮಕ್ಕಳಿಗಾಗಿ ಬದುಕು ಸವೆಸಿದ ಒಬ್ಬ ಮೇಷ್ಟರ ಪ್ರತಿಮೆಯನ್ನು ಮಗು ಮುಟ್ಟುವ ಹಾಗಿಲ್ಲ ಅಂದರೆ ಹೇಗೆ?

ಇನ್ನು ಎತ್ತರದ ಮಾತು. ಬೆಂಗಳೂರಿನ ವಿಮಾನ ನಿಲ್ದಾಣದ ಹತ್ತಿರ 2022ರ ನವೆಂಬರ್‌ನಲ್ಲಿ ಕೆಂಪೇಗೌಡರ 108 ಅಡಿ ಪ್ರತಿಮೆ ಬಂತು. ರಾಮ್ ಸುತಾರ್ ಅವರ ಕೆಲಸ. ಊರು ಕಟ್ಟಿದವರಿಗೆ ಆ ಎತ್ತರ ಸಲ್ಲಬೇಕಾದದ್ದೇ. ಊರಿಗೆ ಬರುವಾಗ ಅದನ್ನು ನೋಡಿದರೆ ನನ್ನ ಎದೆ ತುಂಬುತ್ತದೆ. ಆದರೆ ಎಲ್ಲ ಪ್ರತಿಮೆಯೂ ಕತ್ತೆತ್ತಿ ನೋಡುವಂಥದ್ದೇ ಆಗಬೇಕಾ? ಬೀದಿಗೆ, ಬಸ್ ಸ್ಟಾಪಿಗೆ, ಮಾರ್ಕೆಟ್ಟಿನ ಮೂಲೆಗೆ, ಪಕ್ಕದಲ್ಲಿ ಕೂರುವಂಥದ್ದು ಒಂದು ಬೇಡವಾ?

ಸುಪ್ರೀಂ ಕೋರ್ಟು 2013ರ ಜನವರಿಯಲ್ಲಿ ರಸ್ತೆ, ಫುಟ್‌ಪಾತ್‌ಗಳಲ್ಲಿ ಹೊಸ ಪ್ರತಿಮೆಗಳಿಗೆ ಅನುಮತಿ ಕೊಡಬೇಡಿ ಅಂತ ರಾಜ್ಯಗಳಿಗೆ ಹೇಳಿತು. ದಾರಿಗೆ ಅಡ್ಡ ಆಗುತ್ತದೆ ಅನ್ನುವುದು ಕಾರಣ. ಸರಿಯಾದ ಕಾರಣವೇ. ಆದರೆ ಫ್ಲೈಓವರ್ ಅಡಿಯ ಜಾಗ ಯಾರ ದಾರಿಗೂ ಅಡ್ಡ ಇಲ್ಲ. ಅಲ್ಲಿ ಈಗ ಇರುವುದು ಕೆಟ್ಟು ನಿಂತ ಗಾಡಿಗಳು, ಕಟ್ಟಡದ ಮಣ್ಣು, ಮೂತ್ರದ ವಾಸನೆ.

ಬೆಂಗಳೂರಿನಲ್ಲೇ ಇದಕ್ಕೆ ಕೈ ಹಾಕಿದವರು ಇದ್ದಾರೆ. ದಿ ಅಗ್ಲಿ ಇಂಡಿಯನ್ ಅನ್ನುವ ಗುಂಪು. ಹೆಸರು ಹೇಳಿಕೊಳ್ಳದೆ, ಭಾಷಣ ಮಾಡದೆ, ಬಾಯಿ ಮುಚ್ಚಿ ಕೆಲಸ ಮಾಡುವುದೇ ಅವರ ನಿಯಮ. ಕಸ ಬೀಳುವ ಜಾಗ ಆರಿಸಿ, ಬೆಳಿಗ್ಗೆ ಬಂದು ಗುಡಿಸಿ, ಗೋಡೆಗೆ ಬಣ್ಣ ಹೊಡೆದು, ಗಿಡ ಇಟ್ಟು ಹೋಗುತ್ತಾರೆ. ಫ್ಲೈಓವರ್ ಕಂಬಗಳಿಗೂ ಬಣ್ಣ ಬಳಿದಿದ್ದಾರೆ. ಊರಿಗೆ ಹೋದಾಗ ಒಂದು ಭಾನುವಾರ ಅಂಥದ್ದೇ ಒಂದು ಕೆಲಸಕ್ಕೆ ನಾನೂ ಹೋಗಿದ್ದೆ. ಕೈಗೆ ಒಂದು ಬ್ರಷ್ ಕೊಟ್ಟರು. ಪಕ್ಕದಲ್ಲಿ ಒಬ್ಬರು ಬ್ಯಾಂಕ್‌ನಿಂದ ನಿವೃತ್ತರಾದ ಹಿರಿಯರು, ಆ ಕಡೆ ಹೂ ಮಾರುವ ಹೆಂಗಸು. ಆಕೆಗೆ ಅದೇ ಕಂಬದ ಬುಡದಲ್ಲಿ ದಿನವೂ ವ್ಯಾಪಾರ. "ಇನ್ನೊಂದು ಕೋಟ್ ಹಾಕಿ ಸಾರ್, ನಾಳೆ ಇಲ್ಲಿ ಕೂರೋಳು ನಾನು" ಅಂದಳು. ಫ್ರೀಮಾಂಟ್‌ನವರಿಗೆ ಇದ್ದದ್ದೂ ಈ ಮಾತೇ. ನಾಳೆ ಇಲ್ಲಿ ಇರುವವರು ನಾವು.

ಹಾಗಾದರೆ ನಮ್ಮಲ್ಲಿ ಕೊರತೆ ಏನು? ಜನ ಇದ್ದಾರೆ, ಕೈಗಳಿವೆ, ಗಾರೆ ಕೆಲಸ ಗೊತ್ತು, ರಾಕ್ಷಸರಿಗಂತೂ ಬರವಿಲ್ಲ. ಕೊರತೆ ಇರುವುದು ಆ ಜಾತ್ರೆಯ ಮತದಾನದಲ್ಲಿ. ಒಂದು ಬೀದಿಗೆ ಏನು ಬೇಕು ಅಂತ ಆ ಬೀದಿಯವರನ್ನು ಯಾರೂ ಕೇಳುವುದಿಲ್ಲ. ಪ್ರತಿಮೆ ಯಾವಾಗಲೂ ಮೇಲಿಂದ ಬರುತ್ತದೆ. ಯಾರದ್ದು ಅನ್ನುವುದನ್ನು ಒಂದು ಸಮಿತಿ ತೀರ್ಮಾನಿಸುತ್ತದೆ, ಅದರ ಹಿಂದೆ ಯಾವ ಜನಾಂಗ, ಯಾವ ಪಕ್ಷ ಅನ್ನುವ ಲೆಕ್ಕ ಇರುತ್ತದೆ. ಉದ್ಘಾಟನೆಯ ಕಲ್ಲಿನಲ್ಲಿ ಮಂತ್ರಿಗಳ ಹೆಸರು ಇರುತ್ತದೆ. ಮಾಡಿದವರ ಹೆಸರನ್ನು ಹುಡುಕಬೇಕು.

ಇದು ನಮ್ಮ ಹಳೇ ರೀತಿ ಅಲ್ಲವೇ ಅಲ್ಲ. ಮೈಸೂರಿನಿಂದ ಬರೀ ಒಂದು ಗಂಟೆ ದೂರದ ಸೋಮನಾಥಪುರಕ್ಕೆ ಹೋಗಿ ನೋಡಿ. 13ನೇ ಶತಮಾನದ ಆ ಗುಡಿಯ ಹೊರಗೋಡೆಯಲ್ಲಿ ವಿಗ್ರಹಗಳ ಕೆಳಗೆ ಮಲ್ಲಿತಮ್ಮ ಅಂತ ಕೆತ್ತಿದೆ. ರಾಜನ ಹೆಸರಲ್ಲ, ಶಿಲ್ಪಿಯ ಹೆಸರು. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ ಹೀಗೇ ಹೆಸರು ಬಿಟ್ಟುಹೋಗಿದ್ದಾನೆ. ಎಂಟುನೂರು, ಒಂಬೈನೂರು ವರ್ಷದ ಹಿಂದೆ ಇದ್ದ ಮರ್ಯಾದೆ ಅದು. ಇಲ್ಲಿ ಟ್ರೋಲ್‌ನ ಹಕ್ಕು ಇವತ್ತಿಗೂ ಆ ನಾಲ್ವರು ಕಲಾವಿದರದ್ದು. ನೀವು ಫೋಟೋ ತೆಗೆದು ಮನೆಯಲ್ಲಿ ಇಟ್ಟುಕೊಳ್ಳಿ, ಯಾರೂ ಕೇಳುವುದಿಲ್ಲ. ಅವನ ಚಿತ್ರ ಹಾಕಿ ವ್ಯಾಪಾರ ಮಾಡಬೇಕು ಅಂದರೆ ಅವರ ಒಪ್ಪಿಗೆ ಬೇಕು. ನನಗೆ ಇದು ತುಂಬಾ ಇಷ್ಟವಾಯಿತು. ಗೊಂಬೆ ಎಲ್ಲರದ್ದು, ಆದರೆ ಮಾಡಿದ ಕೈಯನ್ನು ಮರೆಯುವ ಹಾಗಿಲ್ಲ.

ದೊಡ್ಡವರಲ್ಲದವರ ಪ್ರತಿಮೆ ನಮ್ಮಲ್ಲಿ ಒಪ್ಪುತ್ತದಾ ಅಂತ ಕೇಳುವವರಿಗೆ ಪುಣೆಯನ್ನೂ ಮುಂಬೈಯನ್ನೂ ತೋರಿಸುತ್ತೇನೆ. ಪುಣೆಯ ಸಿಂಬಯಾಸಿಸ್ ಸಂಸ್ಥೆಯ ಆವರಣದಲ್ಲಿ, ಮುಂಬೈಯ ವರ್ಲಿ ಕಡಲ ದಂಡೆಯಲ್ಲಿ, ಚೌಕಳಿ ಕೋಟು ಹಾಕಿದ, ಕನ್ನಡಕದ, ಮಾತಾಡದ ಶ್ರೀಸಾಮಾನ್ಯನ ಪ್ರತಿಮೆ ಇದೆ. ಅವನನ್ನು ಬರೆದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಮಹಿಷಾಸುರನ ಊರಿನ ಹುಡುಗ ಬರೆದ ಗೊಂಬೆಯನ್ನು ಬೇರೆ ಊರಿನವರು ರಸ್ತೆಯಲ್ಲಿ ನಿಲ್ಲಿಸಿಕೊಂಡರು. ನಾವು ಯಾಕೆ ಹಿಂದೆ ಬಿದ್ದೆವು?

ಫ್ರೀಮಾಂಟ್‌ನಲ್ಲಿ ಎಲ್ಲವೂ ಚಂದ ಅಂತ ನಾನು ಹೇಳುವುದಿಲ್ಲ. ರಾಕ್ಷಸನ ಮೈ ಮೇಲೆ ಎಷ್ಟು ಸಲ ಬಣ್ಣ ಎರಚಿಲ್ಲ, ಏನೇನು ಗೀಚಿಲ್ಲ. ಪ್ರತಿ ಸಲವೂ ಯಾರೋ ಬಂದು ತೊಳೆಯುತ್ತಾರೆ. ಕೆಲವು ಬೀದಿ ಆಚೆ ಲೆನಿನ್ ನಿಂತಿದ್ದಾರೆ, 16 ಅಡಿಯ ಕಂಚಿನ ಲೆನಿನ್! ಎಮಿಲ್ ವೆಂಕೋವ್ ಅನ್ನುವ ಶಿಲ್ಪಿ ಮಾಡಿ, 1988ರಲ್ಲಿ ಚೆಕೊಸ್ಲೊವಾಕಿಯಾದ ಪೊಪ್ರಾಡ್ ಊರಲ್ಲಿ ನಿಲ್ಲಿಸಿದ್ದು. ಮರುವರ್ಷವೇ ಅಲ್ಲಿನ ಸರ್ಕಾರ ಬಿತ್ತು, ಪ್ರತಿಮೆ ಗುಜರಿ ಸೇರಿತು. ಅಲ್ಲಿ ಇಂಗ್ಲಿಷ್ ಕಲಿಸಲು ಹೋಗಿದ್ದ ಲೂಯಿಸ್ ಕಾರ್ಪೆಂಟರ್ ಅನ್ನುವವರು ಅದನ್ನು ನೋಡಿ, ಇದೊಂದು ಒಳ್ಳೇ ಕಲೆ, ಕರಗಬಾರದು ಅಂತ ಮನೆ ಅಡ ಇಟ್ಟು ಕೊಂಡು, 1993ರಲ್ಲಿ ಹಡಗಿನಲ್ಲಿ ತಂದರು. ಮುಂದಿನ ವರ್ಷ ಅಪಘಾತದಲ್ಲಿ ತೀರಿಕೊಂಡರು. 1995ರಲ್ಲಿ ಫ್ರೀಮಾಂಟ್‌ನವರು ಅದಕ್ಕೆ ಜಾಗ ಕೊಟ್ಟರು. ಇವತ್ತಿಗೂ ಅದು ಖಾಸಗಿ ಸ್ವತ್ತು. ಲೆನಿನ್ ಕಾಲದ ಕಷ್ಟ ಕಂಡ ಮನೆಗಳಿಂದ ಬಂದವರಿಗೆ ಅದನ್ನು ನೋಡಿದರೆ ಸಂಕಟ. ಆ ಕೈಗಳಿಗೆ ಆಗಾಗ ಕೆಂಪು ಬಣ್ಣ ಬಳಿಯುತ್ತಾರೆ, ನೆತ್ತರು ಅಂತ. ಅದೇ ಪ್ರತಿಮೆಗೆ ಕ್ರಿಸ್‌ಮಸ್ ಸಮಯದಲ್ಲಿ ದೀಪದ ಸರವನ್ನೂ ಹಾಕುತ್ತಾರೆ. ನನಗೆ ಆ ಪ್ರತಿಮೆ ಇಷ್ಟವಿಲ್ಲ. ಆದರೆ ಅದರ ಬಗ್ಗೆ ಸಿಟ್ಟಿದ್ದವರು ಸಿಟ್ಟನ್ನು ಅದರ ಮೈಮೇಲೇ ತೋರಿಸುತ್ತಾರೆ, ಅಂಗಡಿ ಬಾಗಿಲು ಹಾಕಿಸುವುದಿಲ್ಲ, ಬಸ್ಸಿಗೆ ಕಲ್ಲು ಹೊಡೆಯುವುದಿಲ್ಲ. ಇದನ್ನು ಕಲಿಯಬೇಕು ಅನ್ನಿಸುತ್ತದೆ.

ಎಲ್ಲಕ್ಕಿಂತ ನನ್ನ ಮನಸ್ಸು ಸೆಳೆದದ್ದು ಫ್ರೀಮಾಂಟ್ ಸೇತುವೆ ಬಳಿಯ ಇನ್ನೊಂದು ಗುಂಪು. ಒಂದು ಚಪ್ಪರದ ಕೆಳಗೆ ಅಲ್ಯೂಮಿನಿಯಮ್ಮಿನ ಆರು ಜನ ಒತ್ತೊತ್ತಾಗಿ ನಿಂತು ಗಾಡಿಗೆ ಕಾಯುತ್ತಿದ್ದಾರೆ. ಕಾಲಸಂದಿಯಿಂದ ಒಂದು ನಾಯಿ ಇಣುಕುತ್ತಿದೆ. ಆ ನಾಯಿಗೆ ಮನುಷ್ಯನ ಮುಖ. ಊರಿನ ಒಬ್ಬ ಹಿರಿಯರ ಜೊತೆ ಮಾತಿಗೆ ಮಾತು ಬೆಳೆದು ಶಿಲ್ಪಿ ಅವರ ಮುಖವನ್ನೇ ನಾಯಿಗೆ ಇಟ್ಟರು ಅನ್ನುವ ಕಥೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. 1970ರ ದಶಕದ ಕೊನೆಯಲ್ಲಿ ರಿಚರ್ಡ್ ಬೇಯರ್ ಮಾಡಿದ್ದು. ಅವರು ಕಾಯುತ್ತಿರುವುದು ಸಿಯಾಟಲ್‌ನಿಂದ ಎವರೆಟ್ ಊರಿಗೆ ಓಡುತ್ತಿದ್ದ ಎಲೆಕ್ಟ್ರಿಕ್ ರೈಲಿಗೆ. 1910ರಲ್ಲಿ ಶುರುವಾದ ಅದು 1939ರಲ್ಲೇ ನಿಂತುಹೋಯಿತು. ಬಾರದ ರೈಲಿಗೆ ಅವರು ಈಗಲೂ ಕಾಯುತ್ತಿದ್ದಾರೆ.

ಮುಖ್ಯ ಅದಲ್ಲ. ಆ ಆರು ಜನರಿಗೆ ಊರಿನವರು ಬಟ್ಟೆ ಹಾಕುತ್ತಾರೆ. ಯಾರದ್ದೋ ಹುಟ್ಟುಹಬ್ಬ, ಯಾರದ್ದೋ ಮದುವೆ, ಯಾರದ್ದೋ ಪರೀಕ್ಷೆ ಪಾಸಾಯಿತು. ಬಂದು ಟೋಪಿ ಇಡುತ್ತಾರೆ, ಮಫ್ಲರ್ ಸುತ್ತುತ್ತಾರೆ, ಬಲೂನು ಕಟ್ಟುತ್ತಾರೆ. ಯಾರ ಅನುಮತಿಯೂ ಬೇಡ. "ಜಾಹೀರಾತು ಬೇಡ, ಹಾಕಿದವರೇ ಆಮೇಲೆ ತೆಗೆದುಬಿಡಿ, ಅಷ್ಟೇ" ಅಂತ ಅಲ್ಲಿನ ಹಳಬರೊಬ್ಬರು ನನಗೆ ಹೇಳಿಕೊಟ್ಟರು.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಬೀದಿಯ ಆಂಜನೇಯ. ಶನಿವಾರ ವೀಳ್ಯದೆಲೆ ಹಾರ, ಹನುಮ ಜಯಂತಿಗೆ ವಡೆ ಹಾರ, ಇನ್ನೊಂದು ದಿನ ಬೆಣ್ಣೆ ಅಲಂಕಾರ. ಮನೆಯಲ್ಲಿ ಮಗು ಹುಟ್ಟಿದರೆ ಅಲ್ಲಿಗೆ ಹೋಗುವುದು, ಕೆಲಸ ಸಿಕ್ಕಿದರೆ ಅಲ್ಲಿಗೆ ಹೋಗುವುದು. ಅರಳಿಕಟ್ಟೆಯ ನಾಗರಕಲ್ಲಿಗೆ ಅರಿಶಿನ ಹಚ್ಚುವಾಗ ಯಾರಾದರೂ ಅರ್ಜಿ ಹಾಕುತ್ತಾರಾ? ದಸರೆಗೆ ನಮ್ಮ ಮೈಸೂರಿನ ಮನೆಗಳಲ್ಲಿ ಪಟ್ಟದ ಬೊಂಬೆಗೆ ಹೊಸ ಸೀರೆ ಉಡಿಸುವಾಗ ಅಮ್ಮ ನೆರಿಗೆ ಹಿಡಿಯುವುದನ್ನು ನೋಡಬೇಕು. ಅಷ್ಟು ಹೊತ್ತು, ಅಷ್ಟು ನಿಗಾ. ಕಲ್ಲಿನ ಜೊತೆ, ಮರದ ಗೊಂಬೆಯ ಜೊತೆ ಇಷ್ಟು ಸಲಿಗೆಯಿಂದ ಬದುಕಿದ ಜನ ನಾವು. ಬೀದಿಯ ಪ್ರತಿಮೆ ಅಂದ ಕೂಡಲೇ ಬೇಲಿ ಹಾಕಿ ಬೀಗ ಜಡಿದು ದೂರ ನಿಲ್ಲುತ್ತೇವೆ. ಆ ಸಲಿಗೆ ಎಲ್ಲಿ ಹೋಯಿತು?

ನನಗೆ ಒಂದು ಆಸೆ ಇದೆ. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ ಒಂದೇ ಒಂದು ವಾರ್ಡಿನವರು ಹೀಗೆ ಮಾಡಿ ನೋಡಲಿ. ಕಸ ಬೀಳುವ ಒಂದು ಜಾಗ ಆರಿಸಲಿ. ಗಣಪತಿ ಪೆಂಡಾಲಿನಲ್ಲಿ ನಾಲ್ಕಾರು ಮಾದರಿ ಇಟ್ಟು, ಮಕ್ಕಳಿಂದ ಹಿಡಿದು ಅಜ್ಜಿಯರವರೆಗೆ ಎಲ್ಲರಿಂದ ಚೀಟಿ ಹಾಕಿಸಲಿ. ಟಾಂಗಾ ಹೊಡೆಯುವವನು ಬರಲಿ, ಕಡ್ಲೆಕಾಯಿ ಮಾರುವ ಅಜ್ಜಿ ಬರಲಿ, ಚನ್ನಪಟ್ಟಣದ ಬೊಂಬೆ ಬರಲಿ, ಒಬ್ಬ ಒಳ್ಳೇ ಮೀಸೆಯ ರಾಕ್ಷಸನೇ ಬರಲಿ. ಬೇಲಿ ಮಾತ್ರ ಬೇಡ. ಕಲಾವಿದರ ಹೆಸರು ದೊಡ್ಡದಾಗಿ ಇರಲಿ. ಮೈಸೂರಿನಲ್ಲೇ ಶಿಲ್ಪ ಕಲಿತ ಎಷ್ಟು ಹುಡುಗರು ಹುಡುಗಿಯರು ಕೆಲಸಕ್ಕಾಗಿ ಬೇರೆ ಕಡೆ ನೋಡುತ್ತಿದ್ದಾರೆ, ಅಲ್ವಾ?

ಸಿಯಾಟಲ್‌ನಲ್ಲಿ ಈ ಆಸೆ ಹಬ್ಬುತ್ತಲೇ ಇದೆ. 2005ರಲ್ಲಿ ಸೇತುವೆಯ ಕೆಳಗಿನ ರಸ್ತೆಗೇ ಟ್ರೋಲ್ ಅವೆನ್ಯೂ ಅಂತ ಹೆಸರಿಟ್ಟರು. 2023ರಲ್ಲಿ ಡೆನ್ಮಾರ್ಕಿನ ಥಾಮಸ್ ಡಾಂಬೋ ಬಂದು, ಹಳೇ ಮರದ ಹಲಗೆಗಳಿಂದ ಈ ಸುತ್ತಲಿನ ಊರುಗಳಲ್ಲಿ ಇನ್ನಷ್ಟು ಟ್ರೋಲ್‌ಗಳನ್ನು ಕಟ್ಟಿದರು. ಬ್ಯಾಲರ್ಡ್‌ನಲ್ಲಿ ಒಂದು, ಇಸಾಕ್ವಾದಲ್ಲಿ ಒಂದು. ವಾರಾಂತ್ಯ ಮಕ್ಕಳನ್ನು ಕರೆದುಕೊಂಡು ಅವನ್ನು ಹುಡುಕಿಕೊಂಡು ಹೋಗುವುದೇ ನಮಗೊಂದು ಸಂಭ್ರಮ.

ಫ್ರೀಮಾಂಟ್‌ನ ರಾಕ್ಷಸನಿಗೆ ಅಕ್ಟೋಬರ್ 31 ಹುಟ್ಟುಹಬ್ಬ. ಹ್ಯಾಲೋವೀನ್ ರಾತ್ರಿ ಅವನ ಮುಂದೆ ಜನ ವೇಷ ಹಾಕಿಕೊಂಡು ಸೇರುತ್ತಾರೆ. ಅದರ ಮಾರನೇ ದಿನ ನಮ್ಮ ರಾಜ್ಯೋತ್ಸವ. ಹೋದ ಸಲ ಅಮ್ಮ ಇಲ್ಲೇ ಇದ್ದಳು. ಆ ರಾತ್ರಿ ಟ್ರೋಲ್ ನೋಡಿಕೊಂಡು ಬಂದು, "ಬೆಳಿಗ್ಗೆ ಆ ರೈಲಿಗೆ ಕಾಯೋರ ಹತ್ರ ಹೋಗೋಣ ಕಣೋ" ಅಂದಳು. ಪೆಟ್ಟಿಗೆಯಿಂದ ಹಳದಿ ಕೆಂಪು ಬಟ್ಟೆ ತೆಗೆದು, ರಾತ್ರಿ ಕೂತು ಏಳು ಶಾಲು ಹೊಲಿದಳು. ಏಳನೆಯದು ನಾಯಿಗೆ.

ನಾವು ಮೂರು ಮನೆಯವರು ಹೋದೆವು. ಜಿಟಿಜಿಟಿ ಮಳೆ. ಅಮ್ಮ ಒಬ್ಬೊಬ್ಬರಿಗೂ ಶಾಲು ಹೊದಿಸಿ, ಪಟ್ಟದ ಬೊಂಬೆಗೆ ಮಾಡುವ ಹಾಗೆ ಅಂಚು ಸರಿ ಮಾಡಿದಳು. ನಾಯಿಯ ಕುತ್ತಿಗೆಗೆ ಕಟ್ಟುವಾಗ ಅದರ ಗಡ್ಡದ ಮುಖವನ್ನು ಒಂದು ಸಲ ಸವರಿದಳು. ಮಕ್ಕಳು ನಾಡಗೀತೆ ಹೇಳಿದರು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬರು ಇಳಿದು, ಇವತ್ತು ಯಾರ ಹುಟ್ಟುಹಬ್ಬ ಅಂತ ಕೇಳಿದರು. "ನಮ್ಮ ರಾಜ್ಯದ್ದು" ಅಂದಳು ಮಗಳು. ಅವರು ಟೋಪಿ ತೆಗೆದು ಶುಭಾಶಯ ಹೇಳಿ ಹೋದರು.

ಮಧ್ಯಾಹ್ನ ಶಾಲು ಬಿಚ್ಚಲು ಹೋದಾಗ ಅಲ್ಲಿ ಒಬ್ಬ ಹುಡುಗಿ ನೀಲಿ ಬಲೂನಿನ ಗೊಂಚಲು ಹಿಡಿದು ಕೂತಿದ್ದಳು. ಅವಳ ತಮ್ಮನಿಗೆ ಅವತ್ತು ಐದು ತುಂಬಿತ್ತಂತೆ. ನಮ್ಮದು ಮುಗಿಯಲಿ ಅಂತ ಕಾಯುತ್ತಿದ್ದಳು. ಅಮ್ಮ ಒದ್ದೆ ಶಾಲುಗಳನ್ನು ಒಂದೊಂದಾಗಿ ಮಡಿಸಿ ನನ್ನ ಕೈಗೆ ಕೊಟ್ಟಳು. ಆಮೇಲೆ ಆ ಹುಡುಗಿಯ ಬಲೂನು ಹಿಡಿದುಕೊಂಡು, ಅವಳು ದಾರ ಕಟ್ಟಿ ಮುಗಿಸುವವರೆಗೆ ಪಕ್ಕದಲ್ಲೇ ನಿಂತಿದ್ದಳು.